ಕಬ್ಬಿಣದ ಮೊಳೆ ಇಲ್ಲದ ಬೂಟು

ಮಾಕಳಿಯಲ್ಲಿ ನಮ್ಮ ಮನೆಯ ಹಿಂದೆ ಅಪ್ಪ ನಾಲ್ಕು ಬಾಡಿಗೆ ಕೋಣೆ ಕಟ್ಟಿಸಿದ್ದರು. ಕೊನೆಯ ಕೋಣೆಗೆ ಆ ಹಳೆಯ ನಾವಿಕರು ಬಂದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಕೋಣೆ ನೋಡಲು ಬಂದವರೆಲ್ಲ ನೀರು ಎಷ್ಟು ಹೊತ್ತು ಬರುತ್ತದೆ ಎಂದು ಕೇಳುತ್ತಿದ್ದರು. ಇವರು ಜಗುಲಿಯ ಮೇಲೆ ನಿಂತು, ಮಧ್ಯಾಹ್ನ ಇಲ್ಲಿಗೆ ಬಿಸಿಲು ಬೀಳುತ್ತದೆಯೇ ಎಂದು ಕೇಳಿದರು. ಇಲ್ಲ, ಸಂಜೆಯವರೆಗೂ ನೆರಳೇ ಎಂದು ಅಪ್ಪ ಹೇಳಿದ ಮೇಲೆ ತಲೆಯಾಡಿಸಿ, ಅಂದೇ ಒಂದು ಕಬ್ಬಿಣದ ಪೆಟ್ಟಿಗೆ ಮತ್ತು ಒಂದು ಹಾಸಿಗೆ ಸುರುಳಿಯ ಜೊತೆ ಬಂದುಬಿಟ್ಟರು.

ಅವರು ಅಂಕೋಲದ ಕಡೆಯವರು. ಮೀಸೆ ಮೂಡುವ ವಯಸ್ಸಿನಲ್ಲಿ ನೌಕಾದಳಕ್ಕೆ ಸೇರಿ, ಹದಿನೆಂಟು ವರ್ಷ ಹಡಗುಗಳಲ್ಲಿ ಕಳೆದು, ಅಲ್ಲಿಂದ ಬಿಟ್ಟ ಮೇಲೆ ಕಾರ್ಖಾನೆಗಳ ಕಾವಲಿನ ಕೆಲಸ ಹಿಡಿದಿದ್ದರು. ನಮ್ಮಲ್ಲಿಗೆ ಬಂದಾಗ ತುಮಕೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ವಾಚ್‌ಮನ್‌ಗಳ ಮೇಲ್ವಿಚಾರಕರಾಗಿದ್ದರು. ಹೆಂಡತಿ, ಮಗಳು ಊರಿನಲ್ಲಿದ್ದರು. ತಲೆಯೆಲ್ಲ ನರೆತಿತ್ತು. ನಾನು ಮೊದಲ ದಿನ ‘ತಾತ’ ಎಂದು ಕರೆದಾಗ, “ಅಷ್ಟು ಮುದುಕ ಕಾಣ್ತೇನಾ ತಂಗಿ?” ಎಂದು ಕೇಳಿದ್ದರು. ಅಲ್ಲಿಂದ ಅವರು ನನಗೆ ಅಂಕಲ್ ಆದರು.

ನನಗಾಗ ಇಪ್ಪತ್ತೆರಡು. ಪಿಯುಸಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತು ಬೇಸತ್ತು, ಪೀಣ್ಯದ ಒಂದು ಸಣ್ಣ ಬೂಟಿನ ಕಾರ್ಖಾನೆಗೆ ಸೇರಿದ್ದೆ. ಹೊಸ ಮಾದರಿಯ ಬೂಟುಗಳನ್ನು ಮೊದಲ ಸಲ ಮಾಡಿ ನೋಡುವ ಸ್ಯಾಂಪಲ್ ಕೋಣೆಯಲ್ಲಿ ನನ್ನ ಕೆಲಸ. ಅಮ್ಮನಿಗೆ ಅದು ಹಿಡಿಸಿರಲಿಲ್ಲ. ನೆಂಟರ ಮುಂದೆ ನಾನು ಗಾರ್ಮೆಂಟ್ಸಿನಲ್ಲಿದ್ದೇನೆ ಎಂದೇ ಹೇಳುತ್ತಿದ್ದಳು. ಸಂಜೆ ಬಾಗಿಲಿಗೆ ಬರುತ್ತಿದ್ದ ಹಾಗೆ, “ತೊಗಲು ಮುಟ್ಟಿದ್ ಕೈ, ಮೊದ್ಲು ಬಚ್ಚಲಿಗೋಗು,” ಎನ್ನುತ್ತಿದ್ದಳು. ನಾನು ಹೋಗಿ ಕೈಕಾಲು ತೊಳೆದೇ ಒಳಗೆ ಬರುತ್ತಿದ್ದೆ.

ಒಂದು ಭಾನುವಾರ, ಹಿಂದಿನ ದಿನ ಮಳೆಯಲ್ಲಿ ನೆಂದ ನನ್ನ ಚಪ್ಪಲಿಯನ್ನು ಅಂಗಳದ ಬಿಸಿಲಿಗೆ ಇಟ್ಟಿದ್ದೆ. ಅವರು ಜಗುಲಿಯ ಮೇಲೆ ಗೋಣಿ ಹಾಸಿಕೊಂಡು, ಸುತ್ತಲೂ ಬ್ರಶ್ಶು, ಹಳೆಯ ಬನಿಯನ್ ಚೂರು, ಡಬ್ಬಿಗಳನ್ನು ಹರಡಿಕೊಂಡು ಕೂತಿದ್ದರು.

“ತಂಗಿ, ಅದನ್ನ ನೆರಳಿಗೆ ತೆಗಿ. ಚರ್ಮ ಬಿಸಿಲಲ್ಲಿ ಒಣಗಬಾರದು, ಬಿರೀತದೆ.”

“ನಾನು ಬೂಟಿನ ಕಂಪನೀಲೇ ಕೆಲ್ಸ ಮಾಡೋದು ಅಂಕಲ್,” ಎಂದೆ. ಸ್ವಲ್ಪ ಸಿಟ್ಟಿನಿಂದಲೇ.

“ಮಾಡೋದು ಬೇರೆ, ಇಟ್ಟುಕೊಳ್ಳೋದು ಬೇರೆ ಅಲ್ವಾ?” ಎಂದರು.

ಚಪ್ಪಲಿ ಎತ್ತಿಕೊಂಡು ಹೋಗಿ ಅವರ ಪಕ್ಕದಲ್ಲಿ ಇಟ್ಟೆ. ಆವತ್ತು ಅಲ್ಲಿ ಕೂತವಳು ಊಟಕ್ಕೆ ಅಮ್ಮ ಕರೆಯುವವರೆಗೂ ಏಳಲಿಲ್ಲ.

ಅವರ ಹತ್ತಿರ ಎರಡು ಜೊತೆ ಇದ್ದವು. ಒಂದು ಬಿಳಿ ಕ್ಯಾನ್ವಾಸಿನದು. ಸುಣ್ಣದ ಬಿಲ್ಲೆಯಂಥ ಬಿಳಿಯ ತುಂಡನ್ನು ನೀರಿನಲ್ಲಿ ತೇಯ್ದು, ಸ್ಪಂಜಿನಿಂದ ತೆಳ್ಳಗೆ ಹಚ್ಚಿ, ನೆರಳಲ್ಲಿ ಒಣಗಿಸಿ, ಮತ್ತೆ ಹಚ್ಚುತ್ತಿದ್ದರು. ದಪ್ಪ ಹಚ್ಚಿದರೆ ನಡೆದಾಗ ಪುಡಿ ಉದುರಿ ಪ್ಯಾಂಟಿನ ಅಂಚೆಲ್ಲ ಬೆಳ್ಳಗಾಗುತ್ತದೆ, ಹಡಗಿನಲ್ಲಾದರೆ ಅದಕ್ಕೆ ಶಿಕ್ಷೆ ಎಂದರು. ಇನ್ನೊಂದು ಜೊತೆ ಕಪ್ಪು ಚರ್ಮದ ಬೂಟು. ಐವತ್ತರ ದಶಕದಲ್ಲಿ ನಮ್ಮ ನೌಕಾದಳಕ್ಕೆಂದು ಕೊಂಡ ಹಡಗೊಂದನ್ನು ತರಲು ಇವರ ತಂಡವನ್ನು ಇಂಗ್ಲೆಂಡಿಗೆ ಕಳಿಸಿದ್ದರಂತೆ. ಅಲ್ಲಿಯ ಉಗ್ರಾಣದಲ್ಲಿ ಕೊಟ್ಟದ್ದು ಆ ಬೂಟು. ಅಡಿಯ ಅಟ್ಟೆಯ ನಡುವೆ ಅವರ ನಂಬರು ಗುದ್ದಿತ್ತು. ಅಟ್ಟೆಗೆ ಒಂದೇ ಒಂದು ಕಬ್ಬಿಣದ ಮೊಳೆ ಇರಲಿಲ್ಲ. ಎಲ್ಲ ಮರದ ಮೊಳೆ, ಮೇಣದ ದಾರದ ಹೊಲಿಗೆ.

“ಎಂತಕ್ಕೆ ಹೇಳು?” ಎಂದು ಕೇಳಿ ತಾವೇ ಹೇಳಿದರು. “ನನ್ನ ಕೆಲಸ ಮದ್ದಿನ ಕೋಣೇಲಿ. ತೋಪಿನ ಮದ್ದು ಇಡೋ ಜಾಗ. ಕಬ್ಬಿಣ ತಾಗಿ ಒಂದು ಕಿಡಿ ಹಾರಿದ್ರೆ ಹಡಗೇ ಇಲ್ಲ. ಒಳಗೆ ಹೋಗೋ ಮುಂಚೆ ನಮ್ಮ ಮೇಲಿನವರು ಪ್ರತಿಯೊಬ್ಬನ ಅಟ್ಟೆ ಮೇಲೂ ಅಂಗೈ ಆಡಿಸಿ ನೋಡ್ತಿದ್ರು. ಕಣ್ಣಿಂದ ಅಲ್ಲ, ಕೈಯಿಂದ.”

ಬೂಟು ಕೈಗೆತ್ತಿಕೊಂಡಾಗಲೆಲ್ಲ ಅವರೂ ಮೊದಲು ಹಾಗೆ ಅಂಗೈ ಆಡಿಸುತ್ತಿದ್ದರು. ಆಮೇಲೆ ಲೇಸು ಬಿಚ್ಚಿ ತೊಳೆಯಲು ಇಡುವುದು. ಒದ್ದೆ ಬಟ್ಟೆಯಿಂದ ಧೂಳು ಒರೆಸುವುದು. ತೋರುಬೆರಳಿಗೆ ಬನಿಯನ್ ಚೂರು ಬಿಗಿಯಾಗಿ ಸುತ್ತಿ, ಪಾಲಿಶ್ ತುಸುವೇ ತಾಗಿಸಿ, ಒಂದು ಹನಿ ನೀರು ಬಿಟ್ಟು, ಸಾಸಿವೆ ಕಾಳಿನಷ್ಟು ಸಣ್ಣ ಸುತ್ತುಗಳಲ್ಲಿ ತಿಕ್ಕುವುದು. ಮಡಿಕೆ ಬಿದ್ದ ಕಡೆ ಚಮಚದ ಬೆನ್ನಿನಿಂದ ಮೆಲ್ಲಗೆ ಉಜ್ಜುವುದು. ಕೊನೆಗೆ ಒಳಗೆ ಹಳೆಯ ಪೇಪರು ತುರುಕಿ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿಡುವುದು. ವರ್ಷಕ್ಕೆ ಒಂದೇ ದಿನ ಅದನ್ನು ಹಾಕುತ್ತಿದ್ದರು. ಡಿಸೆಂಬರಿನಲ್ಲಿ, ನೌಕಾದಳದ ದಿನ, ಪಟ್ಟಣದಲ್ಲಿರುವ ಹಳೆಯ ನಾವಿಕರೆಲ್ಲ ಒಂದು ಕಡೆ ಸೇರುತ್ತಿದ್ದರಂತೆ. ಆ ದಿನ.

“ಸಮವಸ್ತ್ರ ಎಲ್ಲ ಹರಿದು ಹೋಯ್ತು ತಂಗಿ. ಇದೊಂದು ಉಳೀತು,” ಎಂದರು.

ನಾನು ಕಲಿತದ್ದನ್ನು ಕಾರ್ಖಾನೆಯಲ್ಲಿ ಮಾಡಿ ನೋಡಿದೆ. ಒಂದು ಸ್ಯಾಂಪಲ್ ಬೂಟಿನ ಮೂತಿಯನ್ನು ಹಾಗೇ ತಿಕ್ಕಿ ಮುಖ ಕಾಣುವಷ್ಟು ಹೊಳೆಯಿಸಿದೆ. ಮಾಲೀಕರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ಎಲ್ಲಿ ಕಲಿತ್ಯಮ್ಮ ಇದು?” ಎಂದು ಕೇಳಿದರು.

“ನಾನೇ ಮಾಡ್ನೋಡ್ದೆ ಸಾರ್,” ಎಂದುಬಿಟ್ಟೆ.

ಹಾಗೇಕೆ ಹೇಳಿದೆ ಎಂದು ಆಗ ಯೋಚಿಸಲೂ ಇಲ್ಲ. ಅಂಕಲ್ ಹೆಸರೆತ್ತಿದ್ದರೆ ನನ್ನದೇನೂ ಕಳೆದುಹೋಗುತ್ತಿರಲಿಲ್ಲ.

ಒಂದೆರಡು ತಿಂಗಳಾದ ಮೇಲೆ ಹೊರದೇಶದ ಒಬ್ಬ ಗಿರಾಕಿಯಿಂದ ಕೊರಿಯರ್ ಬಂತು. ಹಳೆಯ ಕಾಲದ ನಾವಿಕರ ಬೂಟು, ಅದೇ ರೀತಿ ಹೊಸದಾಗಿ ಮಾಡಿಕೊಡಬೇಕು ಎಂದು ಬರೆದಿದ್ದರು. ಜೊತೆಗೆ ಒಂದು ಫೋಟೊ ಮಾತ್ರ. ಮಾಲೀಕರು, ನಮ್ಮ ಕಟಿಂಗ್ ಮಾಸ್ಟರ್ ಇಬ್ಬರೂ ಆ ಫೋಟೊ ಹಿಡಿದು ತಲೆ ಕೆರೆದುಕೊಂಡರು. ಮಾಸ್ಟರ್ ಚರ್ಮದ ಕೆಲಸಕ್ಕೆ ಹೆಸರಾದ ಆಂಬೂರಿನವರು, ಮೂವತ್ತು ವರ್ಷ ಬೂಟು ಮಾಡಿದವರು. “ಹೊರಗಡೆ ಮಾಡ್ಬೋದು ಸಾರ್. ಒಳಗೆ ಹೆಂಗೆ ನಿಲ್ಸಿದ್ದಾರೆ ಅಂತ ಗೊತ್ತಾಗ್ಬೇಕಲ್ಲ,” ಎಂದರು.

ನಾನು ಹೇಳಿದೆ: “ಸಾರ್, ಇಂಥದ್ದೇ ಒಂದು ಜೊತೆ ನಾನು ತಂದ್ಕೊಡ್ತೀನಿ.”

ಮಾಲೀಕರು ನನ್ನ ಕಡೆ ತಿರುಗಿದ ರೀತಿ ಇನ್ನೂ ನೆನಪಿದೆ. “ಈ ಆರ್ಡರ್ ಸಿಕ್ಕಿದ್ರೆ ಸ್ಯಾಂಪಲ್ ರೂಮು ನೀನೇ ನೋಡ್ಕೊಳ್ಳಮ್ಮ,” ಎಂದರು.

ಅಂಕಲ್ ಕೂಡಲೇ ಒಪ್ಪಲಿಲ್ಲ. “ಎಷ್ಟು ದಿನಕ್ಕೆ?” ಎಂದು ಕೇಳಿದರು.

“ಎರಡೇ ದಿನ. ನೋಡಿ, ಅಳತೆ ತಗೊಂಡು ವಾಪಸ್. ನಾನೇ ತಂದ್ಕೊಡ್ತೀನಿ.”

“ನೀನು ಜವಾಬ್ದಾರಿ ಅಂದ್ರೆ ತಗೊಂಡು ಹೋಗು. ಪ್ಲಾಸ್ಟಿಕ್ ಕವರಲ್ಲಿ ಹಾಕಬೇಡ, ಬೆವರ್ತದೆ.”

ಫ್ಲಾನೆಲ್ಲಿನಲ್ಲಿ ಸುತ್ತಿ, ಬಟ್ಟೆ ಚೀಲದಲ್ಲಿಟ್ಟು ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಪೀಣ್ಯಕ್ಕೆ ಹೋದೆ.

ಮೊದಲ ದಿನ ಅಳತೆ ತೆಗೆದೆವು, ಕಾಗದದ ಮೇಲೆ ಅಚ್ಚು ಎಳೆದೆವು. ಎರಡನೆಯ ದಿನ ಮಧ್ಯಾಹ್ನ ಮಾಲೀಕರು ಬಂದು, “ಇಷ್ಟರಿಂದ ಆಗಲ್ಲ. ಒಂದು ಕಾಲಿಂದು ಬಿಚ್ಚಿ ನೋಡಿ,” ಎಂದರು.

“ಸಾರ್, ಅವರು ನೋಡೋಕೆ ಅಂತ ಕೊಟ್ಟಿರೋದು,” ಎಂದೆ.

“ಅಯ್ಯೋ, ಹೊಸ ಜೊತೆ ಮಾಡ್ಕೊಡೋಣ ಬಿಡಮ್ಮ. ಹಳೇದಕ್ಕಿಂತ ಚೆನ್ನಾಗಿರೋದು.” ಅಷ್ಟು ಹೇಳಿ ಹೊರಟುಹೋದರು.

ಮಾಸ್ಟರ್ ಬೂಟನ್ನು ಕೈಯಲ್ಲಿ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು. “ಅಮ್ಮ, ನಾನು ಬಿಚ್ಚಲ್ಲ. ಇದು ಅವರ ಸಾಮಾನು. ಬಸ್ಸಲ್ಲಿ ಅರ್ಧ ಗಂಟೆ ದಾರಿ, ಹೋಗಿ ಕೇಳ್ಕೊಂಡು ಬಾ. ಅವರು ಆಗ್ಲಿ ಅಂದ್ರೆ ಬಿಚ್ತೀನಿ. ಸಾರ್‌ಗೆ ನಾನು ಹೇಳ್ಕೋತೀನಿ.”

ಆಗ ಗಂಟೆ ಮೂರಾಗಿರಬಹುದು. ಅಂಕಲ್ ಇದ್ದ ಕಾರ್ಖಾನೆ ನಮ್ಮ ಮಾಕಳಿಯ ದಾರಿಯಲ್ಲೇ ಇತ್ತು. ಹೋಗಬಹುದಿತ್ತು. ಹೋಗಿ ಕೇಳಿದರೆ ಬೇಡ ಎನ್ನುತ್ತಾರೆ ಎಂದು ನನಗೆ ಗೊತ್ತಿತ್ತು, ಅದಕ್ಕೇ ಹೋಗಲಿಲ್ಲ. ಮಾಸ್ಟರ್ ಟೀ ಕುಡಿಯಲು ಹೊರಗೆ ಹೋದಾಗ, ಚರ್ಮ ಕೊಯ್ಯುವ ಕತ್ತಿ ತೆಗೆದುಕೊಂಡು ಎಡಗಾಲಿನ ಬೂಟಿನ ಅಟ್ಟೆಗೆ ಹಾಕಿದೆ. ಹೊಲಿಗೆ ನಾನೆಣಿಸಿದ್ದಕ್ಕಿಂತ ಗಟ್ಟಿಯಿತ್ತು. ಜೋರಾಗಿ ಎಳೆದಾಗ ಕತ್ತಿ ಜಾರಿ ಎಡಗೈ ಹೆಬ್ಬೆರಳನ್ನು ಕೊಯ್ದಿತು. ಬಟ್ಟೆ ಸುತ್ತಿಕೊಂಡು ಮತ್ತೆ ಬಿಚ್ಚಿದೆ. ಮರದ ಮೊಳೆಗಳು ಒಂದೊಂದಾಗಿ ಮುರಿದವು. ಒಳಗೆ ಬಾಟಲಿಯ ಬಿರಡೆಯಂಥ ಕಾರ್ಕಿನ ಪುಡಿಯ ಪದರ, ಅದರ ಮೇಲೆ ನಲವತ್ತು ವರ್ಷದ ಹಿಂದಿನ ಮೇಣ ಇನ್ನೂ ಅಂಟಂಟಾಗಿತ್ತು.

ಮಾಸ್ಟರ್ ಒಳಗೆ ಬಂದು ನೋಡಿದರು. ಕೂತು, ಬೇಕಾದ್ದನ್ನೆಲ್ಲ ಕಾಗದದಲ್ಲಿ ಬರೆದುಕೊಂಡರು. ಆಗಿಹೋದ ಮೇಲೆ ನೋಡದೆ ಬಿಡುವುದರಿಂದ ಏನು ಬಂತು ಎಂದುಕೊಂಡರೋ ಏನೋ.

ಅಂದಿನಿಂದ ಪ್ರತಿ ಸಂಜೆ ಅಂಕಲ್ ಜಗುಲಿಯಿಂದ ಕೇಳುತ್ತಿದ್ದರು. “ತಂದ್ಯಾ ತಂಗಿ?”

“ಸಾರ್ ಊರಲ್ಲಿಲ್ಲ ಅಂಕಲ್.” “ಬೀರು ಬೀಗದ್ಕೈ ಅವರ ಹತ್ರಾನೇ ಇದೆ.” “ನಾಳೆ ಖಂಡಿತ.” ಹೀಗೆ ಒಂದು ವಾರ ಕಳೆದೆ. ಡಿಸೆಂಬರ್ ಹತ್ತಿರ ಬರುತ್ತಿತ್ತು. ಕೊನೆಗೆ ಮಾಸ್ಟರನ್ನು ಬೇಡಿಕೊಂಡು ಬೂಟನ್ನು ಮತ್ತೆ ಜೋಡಿಸಿದೆ. “ಮರದ ಮೊಳೆ ಈಗ ಎಲ್ಲಿಂದ ತರ್ಲಿ? ಹಿಮ್ಮಡಿಗೆ ಕಬ್ಬಿಣದ್ದೇ ಹಾಕ್ಬೇಕು. ಅವರಿಗೆ ಮೊದ್ಲೇ ಹೇಳ್ಬಿಡಮ್ಮ,” ಎಂದರು. ಹೇಳುತ್ತೇನೆ ಎಂದೆ. ಮೊಳೆಯ ತಲೆ ಕಾಣದಂತೆ ಮೇಲೆ ಮೇಣ ತುಂಬಿ ಕಪ್ಪು ಬಳಿದವಳು ನಾನೇ. ಪಾಲಿಶ್ ಕೂಡ ಅವರು ಕಲಿಸಿದ ಹಾಗೇ, ಸಣ್ಣ ಸುತ್ತುಗಳಲ್ಲಿ ಹಾಕಿದೆ.

ಜಗುಲಿಯ ಮೇಲೆ ಕೂತು ಅವರು ಫ್ಲಾನೆಲ್ ಬಿಚ್ಚಿದರು. ಬಲಗಾಲಿನದರ ಮೇಲೆ ಅಂಗೈ ಆಡಿಸಿ ಪಕ್ಕಕ್ಕಿಟ್ಟರು. ಎಡಗಾಲಿನದರ ಮೇಲೆ ಆಡಿಸಿದ ಕೈ ಹಿಮ್ಮಡಿಯ ಹತ್ತಿರ ನಿಂತಿತು. ಮತ್ತೆ ಆಡಿಸಿದರು. ಉಗುರಿನಿಂದ ಮೇಣ ಕೆರೆದರು.

“ಬಿಚ್ಚಿದ್ರಾ?” ಎಂದು ಕೇಳಿದರು.

ನಾನು ತಲೆಯಾಡಿಸಿದೆ.

“ಯಾರು ಬಿಚ್ಚಿದ್ದು?”

“ಕಂಪನಿಯವರು.”

“ಕಂಪನಿಯವರು ಅಂದ್ರೆ? ನೀ ಹೇಳ್ತಿದ್ದ ಮಾಸ್ಟರಾ?”

ಅಲ್ಲ ಎನ್ನಲು ಬೇಕಾದಷ್ಟು ಹೊತ್ತು ಅವರು ನನ್ನ ಮುಖ ನೋಡುತ್ತಿದ್ದರು. ನಾನು ಹೂಂ ಎಂದೆ.

ಅವರು ಬೈಯಲಿಲ್ಲ. ಬೂಟನ್ನು ಮತ್ತೆ ಸುತ್ತಿ ಒಳಗೆ ತೆಗೆದುಕೊಂಡು ಹೋದರು. ಆ ವರ್ಷ ಡಿಸೆಂಬರಿನ ಆ ದಿನ, ಇಸ್ತ್ರಿ ಹಾಕಿದ ಕೋಟಿನ ಕೆಳಗೆ ಡ್ಯೂಟಿಗೆ ಹಾಕುವ ಸಾದಾ ಬೂಟು ಹಾಕಿಕೊಂಡು ಬಸ್ಸಿಗೆ ನಡೆದರು. ಅಮ್ಮ ನೋಡಿ, “ಯಾಕೆ, ಆ ಒಳೆಯೋ ಬೂಟ್ ಆಕ್ಕೊಂಡಿಲ್ವಲ್ಲ?” ಎಂದು ನನ್ನನ್ನು ಕೇಳಿದಳು. ನನಗೇನು ಗೊತ್ತು ಎಂದೆ.

ಜನವರಿಯಲ್ಲಿ ಒಂದು ಮಧ್ಯಾಹ್ನ ಅವರು ಬಟ್ಟೆ ಚೀಲ ಹಿಡಿದುಕೊಂಡು ನಮ್ಮ ಕಾರ್ಖಾನೆಯ ಗೇಟಿಗೆ ಬಂದರು. ಮಾಸ್ಟರನ್ನು ಕರೆಸಿದರು. ಏನಾಗುತ್ತದೋ ಎಂದು ನಾನೂ ಹಿಂದೆ ಹೋದೆ.

“ನೀವು ಬಿಚ್ಚಿದ್ದಂತೆ. ಜಗಳಕ್ಕೆ ಬಂದಿಲ್ಲ ನಾನು. ಈ ಕಬ್ಬಿಣ ತೆಗೆದು ಮೊದಲಿನ ಹಾಗೆ ಮಾಡ್ಲಿಕ್ಕೆ ಆಗ್ತದಾ, ಕೇಳುವ ಅಂತ ಬಂದೆ,” ಎಂದರು ಅಂಕಲ್.

ಮಾಸ್ಟರ್ ಒಮ್ಮೆ ನನ್ನ ಕಡೆ ನೋಡಿದರು. ನಾನು ಗೇಟಿನ ಸರಳು ನೋಡುತ್ತಾ ನಿಂತೆ.

“ಬಿಚ್ಚಿದ್ದು ಬಿಚ್ಚಾಯ್ತು ಸಾರ್,” ಎಂದರು ಅವರು. “ನಂಗೆ ನಾಲ್ಕು ಭಾನುವಾರ ಕೊಡಿ. ಮಾಡ್ಕೊಡ್ತೀನಿ.”

ಆ ನಾಲ್ಕು ಭಾನುವಾರ ಮಾಸ್ಟರ್ ಬಸ್ಸು ಹಿಡಿದು ಮಾಕಳಿಗೆ ಬಂದರು. ಇಬ್ಬರೂ ಜಗುಲಿಯ ಮೇಲೆ ಎದುರುಬದುರು ಕೂತು ಬಿದಿರು ಸೀಳಿ, ಒಂದೊಂದೇ ಸಣ್ಣ ಮೊಳೆ ಹೆರೆದು, ಎಣ್ಣೆಯಲ್ಲಿ ನೆನೆಹಾಕಿದರು. ಒಬ್ಬರು ದಬ್ಬಳದಿಂದ ತೂತು ಮಾಡಿದರೆ ಇನ್ನೊಬ್ಬರು ಮೊಳೆ ಕೂರಿಸುತ್ತಿದ್ದರು. ಅವರು ಕಡಲಿನ ಮಾತಾಡಿದರೆ ಇವರು ಆಂಬೂರಿನ ಚರ್ಮದ ಹದದ ಮಾತಾಡುತ್ತಿದ್ದರು. ತೊಗಲೆಂದರೆ ಮೂಗು ಮುರಿಯುತ್ತಿದ್ದ ಅಮ್ಮ ಎರಡನೆಯ ಭಾನುವಾರದಿಂದ ತಾನೇ ಕಾಫಿ ತೆಗೆದುಕೊಂಡು ಹೋದಳು. ಮೂರನೆಯ ಭಾನುವಾರ ಇಬ್ಬರಿಗೂ ಮುದ್ದೆ, ಅವರೆಕಾಳು ಸಾರು ಬಡಿಸಿದಳು.

ನಾನು ಒಳಗೇ ಇರುತ್ತಿದ್ದೆ. ತಲೆನೋವು ಎನ್ನುತ್ತಿದ್ದೆ, ಬಟ್ಟೆ ಒಗೆಯುವುದಿದೆ ಎನ್ನುತ್ತಿದ್ದೆ. ಕೊನೆಯ ಭಾನುವಾರ ಅಂಕಲ್ ಜಗುಲಿಯಿಂದಲೇ ಕೂಗಿದರು.

“ತಂಗಿ, ಬಾ ಇಲ್ಲಿ. ಕೂತು ನೋಡು. ಇನ್ನು ಈ ಕೆಲಸ ತೋರಿಸೋರು ಸಿಗ್ಲಿಕ್ಕಿಲ್ಲ.”

ಅಡುಗೆಮನೆಯ ಹಿಂಬಾಗಿಲಿನವರೆಗೂ ಬಂದೆ. ಇಬ್ಬರೂ ಕೆಲಸ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು. ಆಗ ಹೇಳಿಬಿಡಬಹುದಿತ್ತು. ಒಂದೇ ಮಾತು.

“ಸ್ವಲ್ಪ ಕೆಲ್ಸ ಇದೆ ಅಂಕಲ್,” ಎಂದು ಒಳಗೆ ಹೋದೆ.

ಆರ್ಡರ್ ಬಂತು. ಸ್ಯಾಂಪಲ್ ಕೋಣೆ ನನ್ನ ಕೈಗೆ ಬಂತು. ಮಾಲೀಕರು ಹೇಳಿದ್ದ ಹೊಸ ಜೊತೆಯನ್ನು ಅಂಕಲ್‌ಗೆ ಕೊಡಲು ಹೋದಾಗ ಅವರು ಅದನ್ನು ತಿರುಗಿಸಿ ನೋಡಿ, ಚೆನ್ನಾಗಿದೆ ಎಂದು ಹೇಳಿ, “ನಿಮ್ಮ ಅಪ್ಪಂಗೆ ಕೊಡು, ಅವರ ಕಾಲಿಗೆ ಸರಿಹೋಗ್ತದೆ,” ಎಂದರು. ಅಪ್ಪ ಅದನ್ನು ಮದುವೆ ಮುಂಜಿಗೆ ಹಾಕಿಕೊಂಡರು. ಅಂಕಲ್ ನನ್ನೊಡನೆ ಮೊದಲಿನ ಹಾಗೇ ಮಾತಾಡುತ್ತಿದ್ದರು. ನಾನೇ ಭಾನುವಾರ ಜಗುಲಿಯ ಕಡೆ ಹೋಗುವುದನ್ನು ಬಿಟ್ಟೆ.

ಎರಡು ವರ್ಷವಾದ ಮೇಲೆ ಅವರು ಕೆಲಸ ಬಿಟ್ಟು ಊರಿಗೆ ಹೊರಟರು. ಹೊರಡುವ ದಿನ ಯಾವುದೆಂದು ಒಂದು ವಾರ ಮುಂಚೆಯೇ ನನಗೆ ಗೊತ್ತಿತ್ತು. ಆ ದಿನ ಬೇಕೆಂದೇ ಓವರ್‌ಟೈಮ್ ಮಾಡಿದೆ. ಮನೆಗೆ ಬರುವಷ್ಟರಲ್ಲಿ ಕೋಣೆ ಖಾಲಿಯಾಗಿ, ಗುಡಿಸಿ ಸಾರಿಸಿಯೂ ಆಗಿತ್ತು. “ನಿನ್ನನ್ನ ಕೇಳುದ್ರು,” ಎಂದಳು ಅಮ್ಮ. “ಬಸ್ಸಿಗೆ ಒತ್ತಾಗ್ತದೆ ಅಂತಾನೂ ಒಸಿ ಒತ್ತು ಕಾದ್ರು.”

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಕಾರ್ಖಾನೆ ಮುಚ್ಚಿತು. ಗಿರಾಕಿಗಳು ಬೇರೆ ಕಡೆ ಹೋದರು, ಮಾಲೀಕರು ಶೆಡ್ಡನ್ನು ಗೋದಾಮಿಗೆ ಬಾಡಿಗೆಗೆ ಕೊಟ್ಟರು. ಕೊನೆಯ ದಿನ ಮಾಸ್ಟರ್ ತಮ್ಮ ಕತ್ತಿ, ದಬ್ಬಳಗಳನ್ನು ಗೋಣಿಯಲ್ಲಿ ಕಟ್ಟಿಕೊಳ್ಳುತ್ತಿದ್ದರು. ನಾನು ಎದುರು ಹೋಗಿ ಕೂತೆ. ಐದು ವರ್ಷ ಒಂದೇ ಮೇಜಿನಲ್ಲಿ ಕೆಲಸ ಮಾಡಿಯೂ ಆ ವಿಷಯ ನಾವು ಎತ್ತಿರಲಿಲ್ಲ.

“ಮಾಸ್ಟರ್, ಅವತ್ತು ಗೇಟಲ್ಲಿ ನೀವು ನನ್ನ ಹೆಸ್ರು ಯಾಕೆ ಹೇಳ್ಲಿಲ್ಲ?”

ಅವರು ಗಂಟು ಬಿಗಿಯುತ್ತಲೇ ಹೇಳಿದರು. “ಅವತ್ತು ನೀನೇ ಹೇಳ್ತೀಯ ಅಂತ ಬಿಟ್ಟೆ. ಆಮೇಲೆ ನಾನು ಹೇಳೋದೇನಮ್ಮ, ಅವರಿಗೆ ಮೊದ್ಲೇ ಗೊತ್ತಿತ್ತು. ನೀನು ಬೂಟು ವಾಪಸ್ ಕೊಟ್ಟ ದಿನಾನೇ. ಹೆಬ್ಬೆರಳಿಗೆ ಬಟ್ಟೆ ಸುತ್ಕೊಂಡಿದ್ದೆಯಲ್ಲ. ಮೊದಲ್ನೇ ಭಾನುವಾರಾನೇ ನಂಗೆ ಹೇಳಿದ್ರು, ಹುಡುಗಿ ತಾನಾಗೇ ಹೇಳ್ತಾಳೆ, ನೀವು ಏನೂ ಹೇಳ್ಬೇಡಿ ಅಂತ. ನಾಲ್ಕು ಭಾನುವಾರ ನೋಡಿದ್ರು. ನಿಜ ಹೇಳ್ಬೇಕಂದ್ರೆ, ಎರಡೇ ಭಾನುವಾರದ ಕೆಲಸ ಅದು.”

ಮಾಸ್ಟರ್ ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಗಂಟು ಹೊತ್ತುಕೊಂಡು ಹೊರಟರು. ಅವರು ಆಂಬೂರಿನ ರೈಲು ಹಿಡಿಯಬೇಕಿತ್ತು. ಅವರ ಕ್ಷಮೆಯನ್ನೂ ನಾನು ಕೇಳಲಿಲ್ಲ ಎಂಬುದು ಹೊಳೆದದ್ದು ಮನೆಗೆ ಬರುವ ಬಸ್ಸಿನಲ್ಲಿ.

ಅಪ್ಪನ ಹಳೆಯ ಪುಸ್ತಕದಲ್ಲಿ ಅಂಕಲ್ ಊರಿನ ವಿಳಾಸವಿತ್ತು. ಅದು ಅಲ್ಲಿರುವುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಒಂದು ಇನ್‌ಲ್ಯಾಂಡ್ ಪತ್ರ ತಂದು ಬರೆದೆ. ಉದ್ದ ಬರೆದದ್ದನ್ನೆಲ್ಲ ಬಿಟ್ಟು ಕೊನೆಗೆ ನಾಲ್ಕು ಸಾಲು ಉಳಿಸಿದೆ. ಬೂಟು ಬಿಚ್ಚಿದ್ದು ಮಾಸ್ಟರ್ ಅಲ್ಲ, ನಾನು. ನಿಮ್ಮನ್ನು ಕೇಳಿ ಬಾ ಎಂದು ಅವರು ಹೇಳಿದರೂ ಕೇಳಲಿಲ್ಲ. ಮೊಳೆ ಮುಚ್ಚಿದ್ದೂ ನಾನೇ. ತಪ್ಪಾಯಿತು.

ಮೂರು ವಾರದ ಮೇಲೆ ಒಂದು ಕಾರ್ಡು ಬಂತು. ಬರೆದವರು ಅವರ ಮಗಳು.

“ಅಪ್ಪನಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ನಿಮ್ಮ ಪತ್ರವನ್ನು ನಾನೇ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು. ಪತ್ರ ಮುಟ್ಟಿತು ಎಂದು ಬರೆಯಲು ಹೇಳಿದ್ದಾರೆ.”

ಅಷ್ಟೇ ಇತ್ತು. ಕಾರ್ಡನ್ನು ತಿರುಗಿಸಿ ನೋಡಿದೆ, ಹಿಂದೆ ವಿಳಾಸ ಬಿಟ್ಟು ಬೇರೇನೂ ಇರಲಿಲ್ಲ. ಅಮ್ಮ ಅಡುಗೆಮನೆಯಿಂದ, “ಏನಂತೆ?” ಎಂದು ಕೇಳಿದಳು.

“ಪತ್ರ ಮುಟ್ತಂತೆ,” ಎಂದೆ.

“ಮತ್ತೆ?”

“ಅಷ್ಟೇ ಅಮ್ಮ.”

ಅದು ಕ್ಷಮಿಸಿದ್ದೋ, ತಡವಾಯಿತು ಎಂದದ್ದೋ ಎಂದು ಬಹಳ ದಿನ ಯೋಚಿಸಿದೆ. ಒಮ್ಮೆ ಅಂಕೋಲಕ್ಕೇ ಹೋಗಿಬರಬೇಕು ಎಂದುಕೊಂಡೆ. ಆ ಮಳೆಗಾಲ ಮುಗಿಯಲಿ ಎಂದುಕೊಂಡೆ. ಮುಗಿದ ಮೇಲೂ ಹೋಗಲಿಲ್ಲ.